ವಿಂಡ್ಸರ್: ಆರಾಧನೆಯ ನೆಲೆ, ನೋಟದ ನೆಲೆ

ಲಂಡನ್ನಿನಿಂದ ಪಶ್ಚಿಮಕ್ಕೆ ಸುಮಾರು 35 ಕಿಲೋಮೀಟರ್ ದೂರದಲ್ಲಿ, ಥೇಮ್ಸ್ ನದಿಯ ದಂಡೆಯಲ್ಲಿರುವ ವಿಂಡ್ಸರ್ ಇಂಗ್ಲೆಂಡಿನ ಹೆಸರಾಂತ ಪ್ರವಾಸಿತಾಣಗಳಲ್ಲಿ ಒಂದು. 1070ರ ಸುಮಾರಿಗೆ ವಿಲಿಯಂ ದೊರೆ ಕಟ್ಟಿಸಲು ತೊಡಗಿದ ಕೋಟೆ ಇಂದಿಗೂ ಅಲ್ಲಿನ ಅರಸು ಮನೆತನದ ವಾಸಸ್ಥಾನ. ಕೋಟೆಯ ಕೆಳಗಿನ ಅಂಗಳದಲ್ಲಿ ಸೇಂಟ್ ಜಾರ್ಜ್ ಚಾಪೆಲ್ ಎಂಬ ಆರಾಧನಾ ಮಂದಿರವಿದೆ. ಅದನ್ನು ಎರಡು ಬಗೆಯಲ್ಲಿ ಪ್ರವೇಶಿಸಬಹುದು. ಕೋಟೆಯನ್ನು ನೋಡಲು ಬಂದವರು ಟಿಕೆಟ್ ಕೊಂಡು, ಕಿವಿಗೆ ವಿವರಣೆಯ ಯಂತ್ರ ಹಚ್ಚಿಕೊಂಡು ಒಳಗೆ ಹೋಗುತ್ತಾರೆ. ಪ್ರಾರ್ಥನೆಗೆ ಬಂದವರು ಹಣ ಕೊಡಬೇಕಾಗಿಲ್ಲ. ಭಾನುವಾರ ಪ್ರವಾಸಿಗರಿಗೆ ಪ್ರವೇಶವಿಲ್ಲ, ಆರಾಧಕರಿಗೆ ಇದೆ. ಕಲ್ಲು, ಗಾಜು, ಗೋರಿಗಳು ಇಬ್ಬರಿಗೂ ಅವೇ. ಬಂದ ಉದ್ದೇಶ ಮಾತ್ರ ಬೇರೆ.

ಹೀಗಾಗಿ ಧರ್ಮದ ತತ್ತ್ವಚಿಂತನೆಯಲ್ಲಿ ಹಳೆಯದಾದ ಒಂದು ಪ್ರಶ್ನೆ ವಿಂಡ್ಸರ್‌ನಲ್ಲಿ ದಿನನಿತ್ಯದ ವ್ಯವಹಾರದ ರೂಪ ತಾಳಿದೆ. ಪವಿತ್ರ ಸ್ಥಳವೊಂದು ನೋಟದ ವಸ್ತುವಾದಾಗ ಅದರ ಪಾವಿತ್ರ್ಯ ಉಳಿಯುತ್ತದೆಯೇ? ಉಳಿಯುವುದಾದರೆ ಅದು ಎಲ್ಲಿರುತ್ತದೆ: ಕಟ್ಟಡದಲ್ಲಿಯೋ, ಬಂದವರ ಮನಸ್ಸಿನಲ್ಲಿಯೋ, ಅಥವಾ ಅಲ್ಲಿ ನಡೆಯುವ ಕ್ರಿಯೆಯಲ್ಲಿಯೋ? ಈ ಪಟ್ಟಣದ ಕಳೆದ ಆರುನೂರಕ್ಕೂ ಹೆಚ್ಚು ವರ್ಷಗಳ ಚರಿತ್ರೆಯಲ್ಲಿ ಮೂರೂ ಉತ್ತರಗಳನ್ನು ಪರೀಕ್ಷಿಸಲು ಬೇಕಾದ ಸಾಮಗ್ರಿ ದೊರೆಯುತ್ತದೆ.

ಪ್ರಾರ್ಥನೆಗಾಗಿ ಕಟ್ಟಿದ ಸಂಸ್ಥೆ

1348ರಲ್ಲಿ ಮೂರನೆಯ ಎಡ್ವರ್ಡ್ ವಿಂಡ್ಸರ್‌ನಲ್ಲಿ ಎರಡು ಸಂಸ್ಥೆಗಳನ್ನು ಒಟ್ಟಿಗೆ ರೂಪಿಸಿದ. ಒಂದು, ಗಾರ್ಟರ್ ಎಂದು ಹೆಸರಾದ ವೀರರ ಮಂಡಲಿ. ಇನ್ನೊಂದು, ಸೇಂಟ್ ಜಾರ್ಜ್ ಕಾಲೇಜು. ಇಲ್ಲಿ ಕಾಲೇಜು ಎಂದರೆ ಪಾದ್ರಿಗಳು, ಗಾಯಕರು ಒಟ್ಟಿಗೆ ಬಾಳಿ ಆರಾಧನೆ ನಡೆಸುವ ಸಮುದಾಯ. ದೊರೆಯೂ ಸೇರಿ ಮಂಡಲಿಯಲ್ಲಿ 26 ನೈಟ್‌ಗಳು. ಅವರಿಗೆ ಸರಿಸಮವಾಗಿ, ಯುದ್ಧಗಳಲ್ಲಿ ಆಸ್ತಿಪಾಸ್ತಿ ಕಳೆದುಕೊಂಡ 26 ಬಡ ನೈಟ್‌ಗಳಿಗೆ ಆಶ್ರಯ ಕೊಡಬೇಕೆಂದು ನಿಯಮ ಮಾಡಲಾಯಿತು. ಅವರ ಕೆಲಸ ಒಂದೇ: ದೊರೆಗಾಗಿ, ಮಂಡಲಿಯವರಿಗಾಗಿ ದಿನವೂ ಪ್ರಾರ್ಥಿಸುವುದು. ಆ ಪರಂಪರೆಯವರು ಮಿಲಿಟರಿ ನೈಟ್ಸ್ ಎಂಬ ಹೆಸರಿನಲ್ಲಿ ಇಂದಿಗೂ ಕೆಳ ಅಂಗಳದ ಮನೆಗಳಲ್ಲಿದ್ದಾರೆ. ವಿಶೇಷ ದಿನಗಳಲ್ಲಿ ಕೆಂಪು ಸಮವಸ್ತ್ರ ತೊಟ್ಟು ಚಾಪೆಲ್ಲಿಗೆ ಸಾಲಾಗಿ ಹೋಗುವ ಅವರನ್ನು ಪ್ರವಾಸಿಗರು ಒಂದು ದೃಶ್ಯವೆಂದೇ ನೋಡುತ್ತಾರೆ.

ಪ್ರಾರ್ಥನೆ ಒಬ್ಬರ ಪರವಾಗಿ ಇನ್ನೊಬ್ಬರು ಮಾಡಬಹುದಾದ ಕೆಲಸ, ಬದುಕಿದವರು ಸತ್ತವರ ಆತ್ಮಕ್ಕೆ ಅದರಿಂದ ನೆರವಾಗಬಹುದು ಎಂಬುದು ಮಧ್ಯಯುಗದ ಕ್ರೈಸ್ತರ ದೃಢವಾದ ನಂಬಿಕೆ. ಅದಕ್ಕಾಗಿಯೇ ಉಳ್ಳವರು ಭೂಮಿ ಬಿಟ್ಟುಕೊಟ್ಟು ತಮ್ಮ ಹೆಸರಿನಲ್ಲಿ ನಿತ್ಯ ಪೂಜೆ ನಡೆಯುವಂತೆ ಏರ್ಪಾಡು ಮಾಡುತ್ತಿದ್ದರು. ಈಗಿರುವ ಚಾಪೆಲ್ಲನ್ನು 1475ರಲ್ಲಿ ನಾಲ್ಕನೆಯ ಎಡ್ವರ್ಡ್ ಆರಂಭಿಸಿದ. ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ಕಲ್ಲಿನ ಮೇಲ್ಚಾವಣಿ ಪೂರ್ಣಗೊಂಡದ್ದು 1528ರಲ್ಲಿ, ಎಂಟನೆಯ ಹೆನ್ರಿಯ ಕಾಲದಲ್ಲಿ. ಇಂದಿನ ಪ್ರವಾಸಿ ಕತ್ತೆತ್ತಿ ಮೆಚ್ಚುವ ಈ ಕುಶಲತೆಯನ್ನು ಕಟ್ಟಿಸಿದವರು ನೋಡುಗರಿಗಾಗಿ ಕಟ್ಟಿಸಲಿಲ್ಲ. ಅಲ್ಲಿ ನಡೆಯುವ ಆರಾಧನೆಗೆ ತಕ್ಕ ಮನೆ ಬೇಕೆಂಬುದು ಅವರ ಲೆಕ್ಕಾಚಾರವಾಗಿತ್ತು. ತಮ್ಮ ವಂಶದ ಘನತೆ ಕಾಣಬೇಕೆಂಬ ಆಸೆಯೂ ಅದರೊಳಗೆ ಬೆರೆತಿತ್ತು.

ಹರಕೆ ಹೊತ್ತವರ ಕಾಲ

ಯಾತ್ರಿಕ ಶುದ್ಧ ಭಕ್ತಿಯಿಂದ ಬರುತ್ತಾನೆ, ಪ್ರವಾಸಿ ಬರೀ ಮೋಜಿಗಾಗಿ ಬರುತ್ತಾನೆ ಎಂಬ ಸುಲಭ ವಿಂಗಡಣೆ ವಿಂಡ್ಸರ್‌ನ ಚರಿತ್ರೆಯ ಮುಂದೆ ನಿಲ್ಲುವುದಿಲ್ಲ. ಹದಿನೈದನೆಯ ಶತಮಾನದ ಕೊನೆಯ ದಶಕಗಳಲ್ಲಿ ವಿಂಡ್ಸರ್ ದೊಡ್ಡ ಯಾತ್ರಾಸ್ಥಳವಾಗಿತ್ತು. ಅದನ್ನು ಹಾಗೆ ಬೆಳೆಸುವ ಕೆಲಸ ಯೋಜನೆ ಹಾಕಿಕೊಂಡೇ ನಡೆದಿತ್ತು. ಮೂರನೆಯ ಎಡ್ವರ್ಡ್ ಕೊಟ್ಟಿದ್ದ ಗ್ನೆತ್ ಶಿಲುಬೆ ಅಲ್ಲಿನ ಮೊದಲ ಆಕರ್ಷಣೆ. ಯೇಸುವನ್ನು ಏರಿಸಿದ ಶಿಲುಬೆಯ ತುಣುಕು ಅದರಲ್ಲಿದೆ ಎಂದು ನಂಬಲಾಗಿತ್ತು. ಅವನ ಅಜ್ಜ ಅದನ್ನು ವೇಲ್ಸ್ ದೇಶವನ್ನು ಗೆದ್ದಾಗ ವಶಪಡಿಸಿಕೊಂಡು ತಂದಿದ್ದ. ಪವಿತ್ರ ವಸ್ತುವೂ ಯುದ್ಧದ ಕೊಳ್ಳೆಯಾಗಬಲ್ಲದು ಎಂಬುದಕ್ಕೆ ಇದು ವಿಂಡ್ಸರ್‌ನಲ್ಲಿರುವ ಕೊನೆಯ ಉದಾಹರಣೆಯಲ್ಲ.

1478ರಲ್ಲಿ ಕಾಲೇಜಿನ ಮುಖ್ಯಸ್ಥರಾದ ಡೀನ್ ರಿಚರ್ಡ್ ಬ್ಯೂಷಾಂಪ್ ಅವರು ಬಕಿಂಗ್‌ಹ್ಯಾಮ್‌ಶೈರ್‌ನ ನಾರ್ತ್ ಮಾರ್ಸ್ಟನ್ ಹಳ್ಳಿಯಿಂದ ಜಾನ್ ಶಾರ್ನ್ ಎಂಬ ಪಾದ್ರಿಯ ಅಸ್ಥಿಗಳನ್ನು ವಿಂಡ್ಸರ್‌ಗೆ ತರಿಸಿದರು. ಈ ಪಾದ್ರಿ ಹದಿನಾಲ್ಕನೆಯ ಶತಮಾನದ ಆರಂಭದಲ್ಲಿ ತೀರಿಕೊಂಡವರು. ಅವರು ಸೈತಾನನನ್ನು ಒಂದು ಬೂಟಿನೊಳಗೆ ಹಿಡಿದು ಕೂಡಿಹಾಕಿದರೆಂಬ ಕಥೆ ಜನಜನಿತವಾಗಿತ್ತು. ಕಾಲುಬೇನೆಯವರು ಅವರಿಗೆ ಹರಕೆ ಹೊರುತ್ತಿದ್ದರು. ಬೂಟಿನಿಂದ ಇಣುಕುವ ಸೈತಾನನ ಚಿತ್ರವಿರುವ ಲೋಹದ ಬಿಲ್ಲೆಗಳನ್ನು ಯಾತ್ರಿಕರು ಕೊಂಡೊಯ್ಯುತ್ತಿದ್ದರು. ಮುಚ್ಚಳ ತೆರೆದರೆ ಚಿಮ್ಮುವ ಬೊಂಬೆಯ ಆಟಿಕೆಗೆ ಈ ಕಥೆಯೇ ಮೂಲವೆಂದು ಹೇಳುವವರೂ ಇದ್ದಾರೆ. ಪವಾಡ, ತಮಾಷೆ, ಔಷಧ, ವ್ಯಾಪಾರ ಎಲ್ಲವೂ ಆ ಒಂದು ಬೂಟಿನ ಸುತ್ತ ಸೇರಿಕೊಂಡಿದ್ದವು.

ಮೂರನೆಯ ಆಕರ್ಷಣೆ ಆರನೆಯ ಹೆನ್ರಿ. ಈಟನ್ ಶಾಲೆಯನ್ನು 1440ರಲ್ಲಿ ನದಿಯ ಆಚೆ ದಡದಲ್ಲಿ ಸ್ಥಾಪಿಸಿದ, ಆಳಲಾರದೆ ಸಿಂಹಾಸನ ಕಳೆದುಕೊಂಡು 1471ರಲ್ಲಿ ಲಂಡನ್ ಟವರ್‌ನಲ್ಲಿ ಸತ್ತ ದೊರೆ ಇವನು. ಚರ್ಟ್ಸಿ ಮಠದಲ್ಲಿದ್ದ ಅವನ ಗೋರಿಯ ಬಳಿ ಪವಾಡಗಳು ನಡೆಯುತ್ತವೆಂಬ ಸುದ್ದಿ ಹಬ್ಬಿತು. 1484ರಲ್ಲಿ ಮೂರನೆಯ ರಿಚರ್ಡ್ ದೇಹವನ್ನು ವಿಂಡ್ಸರ್‌ಗೆ ತರಿಸಿದ. ಹೀಗೆ ಸಿಂಹಾಸನಕ್ಕಾಗಿ ಹೋರಾಡಿದ ಇಬ್ಬರು, ಆರನೆಯ ಹೆನ್ರಿ ಮತ್ತು ನಾಲ್ಕನೆಯ ಎಡ್ವರ್ಡ್, ಒಂದೇ ಪೂಜಾವೇದಿಕೆಯ ಎರಡು ಪಕ್ಕಗಳಲ್ಲಿ ಮಲಗಿದ್ದಾರೆ. ಸೋತವನ ಗೋರಿಗೆ ಜನ ಮುಗಿಬಿದ್ದರು. ಅವನನ್ನು ಸಂತನೆಂದು ಘೋಷಿಸುವಂತೆ ಏಳನೆಯ ಹೆನ್ರಿ ರೋಮಿಗೆ ಮೊರೆಯಿಟ್ಟರೂ ಆ ಪ್ರಯತ್ನ ಫಲಿಸಲಿಲ್ಲ. ಕಾಣಿಕೆ ಹಾಕಲು ಗೋರಿಯ ಬಳಿ ಇರಿಸಿದ ಗಟ್ಟಿ ಕಬ್ಬಿಣದ ಹುಂಡಿ ಇಂದಿಗೂ ಚಾಪೆಲ್ಲಿನಲ್ಲಿದೆ.

ಆ ಹುಂಡಿಯಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ಪವಿತ್ರ ಸ್ಥಳದಲ್ಲಿ ಹಣ ಕೈಬದಲಾಗುವುದು ಆಧುನಿಕ ಕಾಲ ತಂದ ಕೆಡುಕೇನೂ ಅಲ್ಲ. ನೆನಪಿನ ವಸ್ತು, ಕೌತುಕ, ಊಟ-ವಸತಿಯ ವ್ಯಾಪಾರ ಆಗಲೂ ಇದ್ದವು. ವ್ಯತ್ಯಾಸವಿರುವುದು ಹಣದ ಅರ್ಥದಲ್ಲಿ. ಯಾತ್ರಿಕ ಹುಂಡಿಗೆ ಹಾಕಿದ್ದು ಕೇಳಿದ ವರಕ್ಕೋ ಪಡೆದ ವರಕ್ಕೋ ಸಲ್ಲಿಸಿದ ಕೃತಜ್ಞತೆ. ಅದನ್ನು ಹಾಕದಿದ್ದರೆ ಬಾಗಿಲು ಮುಚ್ಚುತ್ತಿರಲಿಲ್ಲ. ಪ್ರವಾಸಿ ಕೊಡುವುದು ನೋಡುವ ಹಕ್ಕಿನ ಬೆಲೆ. ಮೊದಲನೆಯದು ಒಂದು ಸಂಬಂಧದ ಭಾಗ; ಎರಡನೆಯದು ಒಳಗೆ ಕಾಲಿಡುವ ಮೊದಲೇ ಮುಗಿದುಹೋಗುವ ಲೆಕ್ಕ.

ಪವಿತ್ರ ವಸ್ತುವಿನ ಮೇಲಿನ ಆಕ್ಷೇಪ

ಪಾವಿತ್ರ್ಯ ವಸ್ತುವಿನಲ್ಲಿದೆ ಎಂಬ ನಂಬಿಕೆಯನ್ನು ವಿಂಡ್ಸರ್‌ನಲ್ಲೇ ಒಬ್ಬ ಗಾಯಕ ಎದುರು ನಿಂತು ಪ್ರಶ್ನಿಸಿದ. ರಾಬರ್ಟ್ ಟೆಸ್ಟ್‌ವುಡ್ ಚಾಪೆಲ್ಲಿನ ಗಾಯಕವೃಂದದವನು. ಡೆವನ್, ಕಾರ್ನ್‌ವಾಲ್‌ಗಳಷ್ಟು ದೂರದಿಂದ ಬಂದ ಯಾತ್ರಿಕರು ಮೇಣದ ಬತ್ತಿ, ಮೇಣದ ಬೊಂಬೆಗಳನ್ನು ಹಿಡಿದು ಹೆನ್ರಿಯ ಗೋರಿಗೆ ಬರುವುದನ್ನೂ ಬಿಳಿಯ ಕಲ್ಲಿನ ಕನ್ಯಾಮರಿಯಳ ಮೂರ್ತಿಗೆ ಮುತ್ತಿಡುವುದನ್ನೂ ಕಂಡು ಅವನು ಅವರಿಗೆ ಬುದ್ಧಿ ಹೇಳಲು ಹೋದ. ಮೂರ್ತಿಯ ಮೂಗನ್ನು ಕೀಲಿಕೈಯಿಂದ ಒಡೆದ ಎಂದು ಜಾನ್ ಫಾಕ್ಸ್ ತನ್ನ ಹುತಾತ್ಮರ ಚರಿತ್ರೆಯಲ್ಲಿ ದಾಖಲಿಸಿದ್ದಾನೆ. 1543ರಲ್ಲಿ ಟೆಸ್ಟ್‌ವುಡ್‌ನನ್ನೂ ಹೆನ್ರಿ ಫಿಲ್ಮರ್, ಆಂಥನಿ ಪಿಯರ್ಸನ್ ಎಂಬ ಇನ್ನಿಬ್ಬರನ್ನೂ ಧರ್ಮದ್ರೋಹದ ಆರೋಪದ ಮೇಲೆ ವಿಂಡ್ಸರ್‌ನಲ್ಲಿ ಜೀವಂತ ಸುಡಲಾಯಿತು. ಅವರ ಜೊತೆ ಸಿಕ್ಕಿಬಿದ್ದಿದ್ದ ಚಾಪೆಲ್ಲಿನ ಆರ್ಗನ್ ವಾದಕ ಜಾನ್ ಮಾರ್ಬೆಕ್‌ಗೆ ಕ್ಷಮೆ ದೊರೆಯಿತು. ಏಳೇ ವರ್ಷಗಳ ಬಳಿಕ, 1550ರಲ್ಲಿ, ಹೊಸ ಇಂಗ್ಲಿಷ್ ಪ್ರಾರ್ಥನಾ ಗ್ರಂಥಕ್ಕೆ ರಾಗ ಹಾಕಿ ಪ್ರಕಟಿಸಿದವನು ಅದೇ ಮಾರ್ಬೆಕ್.

ಅಷ್ಟರಲ್ಲಿ ಕಾಲ ಬದಲಾಗಿತ್ತು. 1547ರ ಶಾಸನ ಸತ್ತವರಿಗಾಗಿ ಪೂಜೆ ನಡೆಸುವ ದತ್ತಿಗಳನ್ನು ದೇಶದಾದ್ಯಂತ ರದ್ದುಮಾಡಿತು. ವಿಂಡ್ಸರ್‌ನ ಕಾಲೇಜಿಗೆ ಅದರಿಂದ ವಿನಾಯಿತಿ ಸಿಕ್ಕಿದ್ದರಿಂದ ಸಂಸ್ಥೆ ಉಳಿಯಿತು, ಉದ್ದೇಶ ಮಾತ್ರ ಬೇರೆಯಾಯಿತು. ಗ್ನೆತ್ ಶಿಲುಬೆ ಕಾಣೆಯಾಯಿತು. ಚಾವಣಿಯ ಒಂದು ಕೆತ್ತನೆಯಲ್ಲಿ ಅದರ ಚಿತ್ರವಷ್ಟೇ ಉಳಿದಿದೆ. 1547ರಲ್ಲೇ ತೀರಿಕೊಂಡ ಎಂಟನೆಯ ಹೆನ್ರಿ ತನ್ನ ಆತ್ಮಕ್ಕಾಗಿ ವಿಂಡ್ಸರ್‌ನಲ್ಲಿ ನಿತ್ಯ ಪೂಜೆ ನಡೆಯಬೇಕೆಂದು ಉಯಿಲು ಬರೆದಿದ್ದ. ರೋಮಿನ ಅಧಿಕಾರವನ್ನು ಕಿತ್ತೊಗೆದು ತಾನೇ ಚರ್ಚಿನ ಮುಖ್ಯಸ್ಥನಾದವನ ಈ ಕೊನೆಯ ಆಸೆಯನ್ನು ಅವನೇ ಆರಂಭಿಸಿದ ಬದಲಾವಣೆ ಅಳಿಸಿಹಾಕಿತು. ಅವನು ಬಯಸಿದ ಭಾರಿ ಸಮಾಧಿಯೂ ಏಳಲಿಲ್ಲ. ಅದಕ್ಕೆಂದು ಇರಿಸಿದ್ದ ಕಲ್ಲಿನ ಶವಪೆಟ್ಟಿಗೆ ಮುಂದೆ ಲಂಡನ್ನಿನ ಸೇಂಟ್ ಪಾಲ್ಸ್‌ನಲ್ಲಿ ನೌಕಾಪತಿ ನೆಲ್ಸನ್‌ನ ಗೋರಿಗೆ ಹೋಯಿತು.

1649ರಲ್ಲಿ ತಲೆದಂಡಕ್ಕೆ ಗುರಿಯಾದ ಮೊದಲನೆಯ ಚಾರ್ಲ್ಸ್‌ನ ದೇಹವನ್ನು ಅದೇ ಹೆನ್ರಿಯ ನೆಲಮಾಳಿಗೆಯಲ್ಲಿ ಇರಿಸಲಾಯಿತು. ಪ್ರಾರ್ಥನಾ ಗ್ರಂಥದ ಅಂತ್ಯವಿಧಿಯನ್ನು ಓದಲು ಕೋಟೆಯ ಅಧಿಕಾರಿ ಬಿಷಪ್ ಜಕ್ಸನ್‌ಗೆ ಅನುಮತಿ ಕೊಡಲಿಲ್ಲ. ಅರಸೊತ್ತಿಗೆ ಮರಳಿ ಬಂದ ಮೇಲೆ ಚರ್ಚು ಅದೇ ದೊರೆಯನ್ನು ಹುತಾತ್ಮನೆಂದು ಪರಿಗಣಿಸಿತು. ಅವನ ಸಾವಿನ ದಿನದ ಆರಾಧನೆ 1859ರವರೆಗೂ ಅಧಿಕೃತವಾಗಿ ನಡೆಯಿತು. ಜನ ಸಂತನೆಂದು ನಂಬಿದ ಒಬ್ಬ ದೊರೆ, ಚರ್ಚನ್ನೇ ಕೈವಶ ಮಾಡಿಕೊಂಡ ಇನ್ನೊಬ್ಬ, ಚರ್ಚು ಹುತಾತ್ಮನೆಂದ ಮತ್ತೊಬ್ಬ, ಮೂವರೂ ಒಂದೇ ನೆಲದಡಿ ಇದ್ದಾರೆ. ಆ ನೆಲ ಬದಲಾಗಲಿಲ್ಲ. ಅದು ಏಕೆ ಪವಿತ್ರ ಎಂಬುದಕ್ಕೆ ಪ್ರತಿ ತಲೆಮಾರು ಕೊಟ್ಟ ಕಾರಣ ಬದಲಾಯಿತು. ಪಾವಿತ್ರ್ಯ ಕಟ್ಟಡದಲ್ಲೇ ಅಂತರ್ಗತ ಎಂಬ ಮೊದಲ ಉತ್ತರ ಇಲ್ಲಿಗೆ ದುರ್ಬಲವಾಗುತ್ತದೆ.

ನೋಟದ ಊರು

1849ರಲ್ಲಿ ಎರಡು ರೈಲು ಮಾರ್ಗಗಳು ವಿಂಡ್ಸರ್ ತಲುಪಿದ ಮೇಲೆ ಲಂಡನ್ನಿನ ಸಾಮಾನ್ಯ ಕುಟುಂಬಕ್ಕೂ ಅದು ಒಂದು ದಿನದ ವಿಹಾರದ ಊರಾಯಿತು. ಕೋಟೆಯಿಂದ ದಕ್ಷಿಣಕ್ಕೆ ನಾಲ್ಕು ಕಿಲೋಮೀಟರಿಗೂ ಹೆಚ್ಚು ದೂರ ನೇರವಾಗಿ ಸಾಗುವ ಲಾಂಗ್ ವಾಕ್ ಎಂಬ ಸಾಲುಮರದ ಹಾದಿ, ಜಿಂಕೆಗಳಿರುವ ಗ್ರೇಟ್ ಪಾರ್ಕ್, ನದಿಯಲ್ಲಿ ದೋಣಿವಿಹಾರ ಇವು ಹಳೆಯ ಆಕರ್ಷಣೆಗಳು. ಆ ಉದ್ಯಾನದಲ್ಲಿ ಕೊಂಬು ಹೊತ್ತ ಬೇಟೆಗಾರ ಹರ್ನ್‌ನ ಪ್ರೇತ ಅಲೆಯುತ್ತದೆಂಬ ಕಥೆಯನ್ನು ಶೇಕ್ಸ್‌ಪಿಯರ್ ತನ್ನ ವಿಂಡ್ಸರ್ ನಾಟಕದಲ್ಲಿ ಬಳಸಿಕೊಂಡಿದ್ದಾನೆ. ಪೇಟೆಯ ಗಿಲ್ಡ್‌ಹಾಲ್ ಕಟ್ಟಡವನ್ನು ಹದಿನೇಳನೆಯ ಶತಮಾನದ ಕೊನೆಯಲ್ಲಿ ಪೂರ್ತಿಗೊಳಿಸಿದವನು ಕ್ರಿಸ್ಟೋಫರ್ ರೆನ್; ಅವನ ತಂದೆ ಇದೇ ವಿಂಡ್ಸರ್‌ನ ಡೀನ್ ಆಗಿದ್ದವರು. ಅದರ ಕೆಳಗಿನ ನಾಲ್ಕು ಕಂಬಗಳು ಚಾವಣಿಯನ್ನು ಮುಟ್ಟುವುದಿಲ್ಲ. ಊರ ಹಿರಿಯರು ಕಂಬ ಬೇಕೇ ಬೇಕೆಂದು ಹಟ ಹಿಡಿದಾಗ, ಅವುಗಳ ಅಗತ್ಯವಿಲ್ಲವೆಂದು ತೋರಿಸಲು ರೆನ್ ಹಾಗೆ ಮಾಡಿದನೆಂದು ಮಾರ್ಗದರ್ಶಿಗಳು ಹೇಳುತ್ತಾರೆ.

ಮಕ್ಕಳೊಂದಿಗೆ ಬಂದವರನ್ನು ಹೆಚ್ಚು ಸೆಳೆಯುವುದು ಎರಡು ಕಿರುಲೋಕಗಳು. ಒಂದು, ಕೋಟೆಯೊಳಗಿನ ರಾಣಿ ಮೇರಿಯ ಬೊಂಬೆಮನೆ. ವಾಸ್ತುಶಿಲ್ಪಿ ಎಡ್ವಿನ್ ಲಟ್ಯನ್ಸ್ 1921ರಿಂದ 1924ರವರೆಗೆ ರೂಪಿಸಿದ ಈ ಮನೆಯಲ್ಲಿ ಎಲ್ಲವೂ ಹನ್ನೆರಡರಲ್ಲಿ ಒಂದರ ಅಳತೆಯದು. ನಲ್ಲಿಯಲ್ಲಿ ನೀರು, ದೀಪಕ್ಕೆ ವಿದ್ಯುತ್ತು, ಕಪಾಟಿನಲ್ಲಿ ಆ ಕಾಲದ ಲೇಖಕರು ಕೈಯಾರೆ ಬರೆದುಕೊಟ್ಟ ಪುಟಾಣಿ ಪುಸ್ತಕಗಳಿವೆ. ಇನ್ನೊಂದು, ಹಿಂದೆ ಸಫಾರಿ ಪಾರ್ಕ್ ಇದ್ದ ಜಾಗದಲ್ಲಿ 1996ರಲ್ಲಿ ತೆರೆದ ಲೆಗೋಲ್ಯಾಂಡ್. ಪ್ಲಾಸ್ಟಿಕ್ ಇಟ್ಟಿಗೆಗಳಿಂದ ಕಟ್ಟಿದ ನಗರಗಳು, ಸವಾರಿಗಳು, ಜಲಕ್ರೀಡೆಗಳು ಅಲ್ಲಿವೆ.

ಇಂಥ ವಿನೋದಗಳ ಪಕ್ಕದಲ್ಲಿ ಆರಾಧನಾ ಮಂದಿರವೂ ದಿನದ ಕಾರ್ಯಕ್ರಮದ ಒಂದು ಸಾಲಾಗುವುದನ್ನು ಕಂಡು ಧಾರ್ಮಿಕರು ಮರುಗುವುದುಂಟು. ಆದರೆ ಆಟಕ್ಕೂ ಆರಾಧನೆಗೂ ವೈರವಿದೆ ಎಂಬುದನ್ನು ಒಪ್ಪದ ಚಿಂತಕರಿದ್ದಾರೆ. ಕ್ಯಾಥೊಲಿಕ್ ದೇವತಾಶಾಸ್ತ್ರಜ್ಞ ರೊಮಾನೊ ಗ್ವಾರ್ದಿನಿ 1918ರಲ್ಲಿ ಪ್ರಕಟವಾದ ತನ್ನ ಕೃತಿಯಲ್ಲಿ ಆರಾಧನೆಯನ್ನು ಮಗುವಿನ ಆಟದ ಜೊತೆ ಇಟ್ಟು ವಿವೇಚಿಸಿದ. ಎರಡಕ್ಕೂ ಹೊರಗಿನ ಪ್ರಯೋಜನವಿಲ್ಲ, ಆದರೂ ಎರಡಕ್ಕೂ ಆಳವಾದ ಅರ್ಥವಿದೆ ಎಂಬುದು ಅವನ ವಾದ. ಡಚ್ ಇತಿಹಾಸಕಾರ ಯೊಹಾನ್ ಹೊಯ್ಜಿಂಗ 1938ರಲ್ಲಿ ವಿಧಿಕ್ರಿಯೆಯ ಬೇರು ಆಟದಲ್ಲಿದೆ ಎಂದು ವಾದಿಸಿದ. ನಿಗದಿಯಾದ ಜಾಗ, ನಿಗದಿಯಾದ ಹೊತ್ತು, ಎಲ್ಲರೂ ಒಪ್ಪಿದ ನಿಯಮ, ದಿನದ ವ್ಯವಹಾರದಿಂದ ದೂರ ನಿಂತ ಗಾಂಭೀರ್ಯ ಇವು ಎರಡರಲ್ಲೂ ಉಂಟು. ಈ ದೃಷ್ಟಿಯಲ್ಲಿ ಬೊಂಬೆಮನೆಯ ಮುಂದೆ ಮೈಮರೆತು ನಿಂತ ಮಗು, ಗೋರಿಯ ಮುಂದೆ ಗಡಿಯಾರ ನೋಡಿಕೊಳ್ಳುವ ವಯಸ್ಕನಿಗಿಂತ ಆರಾಧನೆಗೆ ಹತ್ತಿರವಿದೆ. ಮೋಜು ಆರಾಧನೆಯನ್ನು ಕೊಲ್ಲುವುದಿಲ್ಲ. ಅದನ್ನು ಸವೆಸುವುದು ಅವಸರ ಮತ್ತು ಉದಾಸೀನ.

ಬೇರುಕಿತ್ತ ಪವಿತ್ರ ವಸ್ತು

ಜರ್ಮನ್ ಚಿಂತಕ ವಾಲ್ಟರ್ ಬೆಂಜಮಿನ್ 1936ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಕಲಾಕೃತಿಗೆ ಎರಡು ಮೌಲ್ಯಗಳನ್ನು ಗುರುತಿಸಿದ: ಆರಾಧನೆಯ ಮೌಲ್ಯ, ಪ್ರದರ್ಶನದ ಮೌಲ್ಯ. ಒಂದು ಕಾಲದಲ್ಲಿ ಮೂರ್ತಿ ಇದ್ದರೆ ಸಾಕಿತ್ತು, ಎಲ್ಲರೂ ಅದನ್ನು ನೋಡಬೇಕಾಗಿರಲಿಲ್ಲ; ಆಮೇಲೆ ನೋಡಿಸಿಕೊಳ್ಳುವುದೇ ಅದರ ಬಾಳಾಯಿತು. ಎರಡನೆಯ ಮೌಲ್ಯ ಮೊದಲನೆಯದನ್ನು ಪೂರ್ತಿ ನುಂಗಿದರೆ ಏನಾಗುತ್ತದೆ ಎಂಬುದಕ್ಕೆ ವಿಂಡ್ಸರ್ ಕೋಟೆಯಲ್ಲಿ ಕರ್ನಾಟಕದಿಂದ ಹೋದ ಸಾಕ್ಷ್ಯವಿದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿಯ ಸೇನೆ ಟಿಪ್ಪು ಸುಲ್ತಾನನ ಚಿನ್ನದ ಸಿಂಹಾಸನವನ್ನು ಕೊಳ್ಳೆಯ ಪಾಲಿಗಾಗಿ ತುಂಡುಮಾಡಿತು. ಅದರ ಮುಂಭಾಗದಲ್ಲಿದ್ದ ಚಿನ್ನದ ಹುಲಿಯ ತಲೆ, ಮೇಲ್ಛಾವಣಿಯಲ್ಲಿದ್ದ ರತ್ನಖಚಿತ ಹುಮಾ ಪಕ್ಷಿ ಬ್ರಿಟಿಷ್ ಅರಸು ಮನೆತನದ ಸಂಗ್ರಹಕ್ಕೆ ಸೇರಿದವು. ಹುಲಿಯ ತಲೆಯನ್ನು ಕಂಪನಿ 1831ರಲ್ಲಿ ನಾಲ್ಕನೆಯ ವಿಲಿಯಂಗೆ ಒಪ್ಪಿಸಿತು.

ಹುಮಾ ಪಕ್ಷಿಯ ನೆರಳು ಯಾರ ತಲೆಯ ಮೇಲೆ ಬೀಳುತ್ತದೆಯೋ ಅವರು ದೊರೆಯಾಗುತ್ತಾರೆ ಎಂಬುದು ಪರ್ಷಿಯನ್ ಪರಂಪರೆಯ ನಂಬಿಕೆ. ಸಿಂಹಾಸನದ ಮೇಲೆ ಇದ್ದಾಗ ಆ ಪಕ್ಷಿಗೆ ಮಾಡಲು ಒಂದು ಕೆಲಸವಿತ್ತು. ದೊರೆಯನ್ನೂ ದೈವಾನುಗ್ರಹವನ್ನೂ ಅದು ಬೆಸೆಯುತ್ತಿತ್ತು. ಸಂಗ್ರಹದಲ್ಲಿ ಅದರ ಕುಶಲತೆ, ಬೆಲೆ, ಚರಿತ್ರೆ ಎಲ್ಲವೂ ಉಳಿದಿವೆ, ಕೆಲಸ ಉಳಿದಿಲ್ಲ. ಗ್ನೆತ್ ಶಿಲುಬೆ ವೇಲ್ಸ್‌ನಿಂದ ಕೊಳ್ಳೆಯಾಗಿ ಬಂದರೂ ಅದರ ಮುಂದೆ ಮಂಡಿಯೂರುವ ಜನ ವಿಂಡ್ಸರ್‌ನಲ್ಲೂ ಇದ್ದರು, ಆದ್ದರಿಂದ ಅದು ಪವಿತ್ರವಾಗಿಯೇ ಮುಂದುವರಿಯಿತು. ಹುಮಾ ಪಕ್ಷಿಗೆ ಆ ಭಾಗ್ಯ ದೊರೆಯಲಿಲ್ಲ. ಎರಡರ ಅಂತರ ವಸ್ತುವಿನ ಗುಣದಲ್ಲಿಲ್ಲ. ಅದರ ಸುತ್ತ ಒಂದು ಸಮುದಾಯದ ಆಚರಣೆ ಮುಂದುವರಿಯಿತೇ ಇಲ್ಲವೇ ಎಂಬುದರಲ್ಲಿದೆ.

ಕ್ರಿಯೆಯಲ್ಲಿ ಉಳಿಯುವ ಪಾವಿತ್ರ್ಯ

ಇನ್ನುಳಿದದ್ದು ಬಂದವರ ಮನಸ್ಸಿನ ಪ್ರಶ್ನೆ. ಭಕ್ತಿಯಿಂದ ಬಂದವರಿಗೆ ಅದು ದೇಗುಲ, ಕುತೂಹಲದಿಂದ ಬಂದವರಿಗೆ ವಸ್ತುಸಂಗ್ರಹಾಲಯ ಎಂದು ಹೇಳಿ ಮುಗಿಸುವುದು ಸುಲಭ. ಆದರೆ ಮನಸ್ಸು ಅಷ್ಟು ಅಚ್ಚುಕಟ್ಟಾಗಿ ಹೋಳಾಗುವುದಿಲ್ಲ. ಯಾತ್ರಿಕನಲ್ಲಿ ಅರ್ಧ ಪ್ರವಾಸಿ, ಪ್ರವಾಸಿಯಲ್ಲಿ ಅರ್ಧ ಯಾತ್ರಿಕ ಇರುತ್ತಾನೆಂದು ಮಾನವಶಾಸ್ತ್ರಜ್ಞರಾದ ವಿಕ್ಟರ್ ಮತ್ತು ಎಡಿತ್ ಟರ್ನರ್ ದಂಪತಿ 1978ರಲ್ಲಿ ಪ್ರತಿಪಾದಿಸಿದರು. ಬೂಟಿನ ಸೈತಾನನನ್ನು ನೋಡಿ ನಕ್ಕ ಹಳೆಯ ಯಾತ್ರಿಕನಿಗೂ, ಎರಡನೆಯ ಎಲಿಜಬೆತ್‌ರ ಹೆಸರಿರುವ ಕಪ್ಪು ಕಲ್ಲಿನ ಮುಂದೆ ಕಾರಣ ತಿಳಿಯದೆ ದನಿ ತಗ್ಗಿಸುವ ಇಂದಿನ ಪ್ರವಾಸಿಗೂ ಈ ಮಾತು ಹೊಂದುತ್ತದೆ. ಒಂದು ಸ್ಥಳದ ಪಾವಿತ್ರ್ಯವನ್ನು ಪ್ರತಿ ಸಂದರ್ಶಕನ ಮನಃಸ್ಥಿತಿಗೆ ಬಿಟ್ಟರೆ ಅದು ಗಂಟೆಗೊಮ್ಮೆ ಹುಟ್ಟಿ ಸಾಯಬೇಕಾಗುತ್ತದೆ.

ಇತ್ತೀಚಿನ ದಶಕಗಳ ಘಟನೆಗಳು ಮೂರನೆಯ ಉತ್ತರದತ್ತ ಬೆರಳು ತೋರುತ್ತವೆ. 1992ರ ನವೆಂಬರ್ 20ರಂದು ಕೋಟೆಯೊಳಗಿನ ಖಾಸಗಿ ಪ್ರಾರ್ಥನಾ ಕೋಣೆಯಲ್ಲಿ ದೀಪವೊಂದರ ಶಾಖಕ್ಕೆ ಪರದೆ ಹೊತ್ತಿ, ಬೆಂಕಿ 115 ಕೋಣೆಗಳಿಗೆ ಹಬ್ಬಿತು. 1997ರಲ್ಲಿ ಮುಗಿದ ಜೀರ್ಣೋದ್ಧಾರದ ವೆಚ್ಚ ಸುಮಾರು 3.65 ಕೋಟಿ ಪೌಂಡ್. ಅದರ ಬಹುಪಾಲು ಬಂದದ್ದು ಸಂದರ್ಶಕರ ಟಿಕೆಟ್ಟಿನಿಂದ. ಪ್ರಾರ್ಥನಾ ಕೋಣೆ ಇದ್ದ ಜಾಗ ಈಗ ಪ್ರವಾಸಿಗರು ಹಾದುಹೋಗುವ ಲ್ಯಾಂಟರ್ನ್ ಲಾಬಿ. ಪ್ರಾರ್ಥನೆ ಬೇರೆ ಕೋಣೆಗೆ ಹೋಯಿತು, ಪಾವಿತ್ರ್ಯವೂ ಅದರೊಂದಿಗೆ ಹೋಯಿತು. ಹಳೆಯ ಜಾಗದ ಮೇಲೆ ನಡೆದಾಡುವುದನ್ನು ಯಾರೂ ಅಪಚಾರವೆನ್ನಲಿಲ್ಲ.

2005ರ ಏಪ್ರಿಲ್ 9ರಂದು ಈಗಿನ ದೊರೆ ಚಾರ್ಲ್ಸ್ ಹಾಗೂ ಕ್ಯಾಮಿಲ್ಲಾ ಅವರ ಮದುವೆ ಗಿಲ್ಡ್‌ಹಾಲ್‌ನಲ್ಲಿ ಸರ್ಕಾರಿ ನೋಂದಣಿಯ ರೂಪದಲ್ಲಿ ನಡೆಯಿತು. ಬಳಿಕ ಚಾಪೆಲ್ಲಿನಲ್ಲಿ ಪ್ರಾರ್ಥನೆ, ಆಶೀರ್ವಾದ. ಕಾನೂನು ಮಾಡಬಹುದಾದದ್ದು ಯಾವುದು, ದೇವರ ಮುಂದೆ ಕೇಳಿಕೊಳ್ಳಬೇಕಾದದ್ದು ಯಾವುದು ಎಂಬ ಗೆರೆ ಕೆಲವೇ ನೂರು ಮೀಟರುಗಳ ಅಂತರದಲ್ಲಿ ಎದ್ದು ಕಂಡಿತು. 2021ರ ಏಪ್ರಿಲ್‌ನಲ್ಲಿ ಸಾಂಕ್ರಾಮಿಕದ ನಿರ್ಬಂಧಗಳ ನಡುವೆ ರಾಜಕುಮಾರ ಫಿಲಿಪ್ ಅವರ ಅಂತ್ಯವಿಧಿ ಕೇವಲ 30 ಮಂದಿಯ ಸಮ್ಮುಖದಲ್ಲಿ ನಡೆಯಿತು. 2022ರ ಸೆಪ್ಟೆಂಬರ್ 19ರಂದು ಎರಡನೆಯ ಎಲಿಜಬೆತ್‌ರ ಪೆಟ್ಟಿಗೆಯ ಮೇಲಿದ್ದ ಕಿರೀಟ, ಗೋಳ, ರಾಜದಂಡಗಳನ್ನು ತೆಗೆದು ವೇದಿಕೆಯ ಮೇಲಿಟ್ಟು ಬಳಿಕ ದೇಹವನ್ನು ಕೆಳಗಿಳಿಸಲಾಯಿತು. ಕೋಟ್ಯಂತರ ಜನ ಪರದೆಗಳಲ್ಲಿ ಅದನ್ನು ನೋಡಿದರು. ಮೂವತ್ತು ಮಂದಿಯಷ್ಟೇ ಸೇರಿದ್ದ ವಿಧಿಗೂ ಈ ವಿಧಿಗೂ ಆಡಂಬರದಲ್ಲಿ ವ್ಯತ್ಯಾಸವಿತ್ತು. ಸತ್ತವರನ್ನು ದೇವರಿಗೆ ಒಪ್ಪಿಸುವ ಕ್ರಿಯೆ ಎರಡರಲ್ಲೂ ಒಂದೇ ಆಗಿತ್ತು.

ಕೋಟೆ ಪ್ರವಾಸಿಗರಿಗೆ ಮುಚ್ಚಿರುವ ದಿನಗಳಲ್ಲೂ ಚಾಪೆಲ್ಲಿನಲ್ಲಿ ನಿತ್ಯದ ಪ್ರಾರ್ಥನೆ ನಿಲ್ಲುವುದಿಲ್ಲ. ದೊರೆಗಾಗಿ, ಗಾರ್ಟರ್ ಮಂಡಲಿಯವರಿಗಾಗಿ ಪ್ರಾರ್ಥಿಸುವ 1348ರ ಕಟ್ಟಳೆ ಹೊಸ ರೂಪದಲ್ಲಿ ಮುಂದುವರಿದಿದೆ. ಪಾವಿತ್ರ್ಯದ ಅಳತೆಗೋಲು ಇಲ್ಲಿ ಸಿಗುತ್ತದೆ. ನೋಡುವವರು ಇಲ್ಲದಿದ್ದರೆ ನಿಂತುಹೋಗುವುದು ಪ್ರದರ್ಶನ. ನೋಡುವವರಿರಲಿ ಇಲ್ಲದಿರಲಿ ನಡೆಯುವುದು ಆರಾಧನೆ. ಪ್ರೇಕ್ಷಕರ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಆರಾಧನೆ ಪ್ರದರ್ಶನವಾಗುವುದಿಲ್ಲ, ಪ್ರೇಕ್ಷಕರಿಗಾಗಿ ಅದರ ಹೊತ್ತು, ರೀತಿ, ಮಾತು ಬದಲಾಗತೊಡಗಿದಾಗ ಆಗುತ್ತದೆ. ಭಾನುವಾರ ಪ್ರವಾಸಿಗರನ್ನು ಹೊರಗಿಡುವ ನಿಯಮದ ಅರ್ಥ ಇದೇ: ವಾರದಲ್ಲಿ ಒಂದು ದಿನವಾದರೂ ಸ್ಥಳದ ಮುಖ್ಯ ಕೆಲಸ ಯಾವುದು ಎಂಬುದನ್ನು ಸಂಸ್ಥೆ ಆದಾಯ ಬಿಟ್ಟುಕೊಟ್ಟು ಸಾರುತ್ತದೆ.

ಈ ಉತ್ತರಕ್ಕೂ ಆಕ್ಷೇಪಗಳಿವೆ. ಅರಸರ ಹಿರಿಮೆಯನ್ನು ಕಾಯುವ ಪ್ರಾರ್ಥನೆ ಎಷ್ಟರಮಟ್ಟಿಗೆ ಧರ್ಮ, ಎಷ್ಟರಮಟ್ಟಿಗೆ ರಾಜಕಾರಣ ಎಂದು ಕೇಳಬಹುದು. ಚಾಪೆಲ್ ಯಾವ ಬಿಷಪ್ಪನ ಅಧಿಕಾರಕ್ಕೂ ಒಳಪಡದೆ ನೇರವಾಗಿ ದೊರೆಗೆ ಅಧೀನವಾಗಿರುವುದರಿಂದ ಈ ಶಂಕೆಗೆ ಬಲವಿದೆ. ಕ್ರಿಯೆ ಅಭ್ಯಾಸಬಲದಿಂದಲೂ ಮುಂದುವರಿಯಬಹುದು. ನಿರಂತರತೆಯೊಂದೇ ಸತ್ಯಕ್ಕೆ ಪುರಾವೆಯಾಗಲಾರದು ಎಂಬ ಟೆಸ್ಟ್‌ವುಡ್‌ನಂಥವರ ಎಚ್ಚರಿಕೆಯೂ ಜೊತೆಯಲ್ಲಿರಬೇಕು. ಆಚರಣೆಯ ನಿರಂತರತೆ ಪಾವಿತ್ರ್ಯ ಉಳಿಯಲು ಬೇಕಾದ ಷರತ್ತು, ಅದು ನಿಜವಾದದ್ದೆಂಬ ಖಾತರಿಯಲ್ಲ. ಆ ಖಾತರಿಯನ್ನು ಪ್ರಾರ್ಥಿಸುವವರ ಬದುಕಿನಲ್ಲಿ ಹುಡುಕಬೇಕಾಗುತ್ತದೆ; ಅದು ಟಿಕೆಟ್ ಕೊಂಡವರಿಗೂ ಕೊಳ್ಳದೆ ಒಳಬಂದವರಿಗೂ ಕಟ್ಟಡದಿಂದ ಸಿಗುವಂಥದ್ದಲ್ಲ.